ಮೂಗಿನ ಮುನಿಸು

ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಭೂಕಂಪಮಾಪಕಗಳನ್ನು ಸಾಲಾಗಿ ಹೂತಿಟ್ಟಿದ್ದಾರೆ. ಯಾವುದೋ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿದರೆ ಇಲ್ಲಿ ಸುಳಿವು ಸಿಗುತ್ತದೆ. ಕುಡುಮಲಕುಂಟೆಯಿಂದ ರಾತ್ರಿಯಿಡೀ ಹೊರಡುವ ನನ್ನ ಗೊರಕೆಯ ಬಗ್ಗೆ ಅವರು ಇನ್ನೂ ದಿಲ್ಲಿಗೆ ಬರೆದಿಲ್ಲವೆಂದರೆ ಅದು ಅವರ ದೊಡ್ಡತನ ಎನ್ನುವುದು ನನ್ನವಳ ಅಭಿಪ್ರಾಯ.

ಅವಳಿಗೆ ದಿಗಿಲಾದದ್ದು ಮಾತ್ರ ಗೊರಕೆ ನಿಂತಾಗ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ. ಇದೇ ಸ್ಲೀಪ್ ಆಪ್ನಿಯಾ. ಉಸಿರು ಹೀಗೆ 10 ಸೆಕೆಂಡಾದರೂ ಕಟ್ಟುವುದು ಗಂಟೆಗೆ 30 ಸಲ ಮುಟ್ಟಿದರೆ ತೀವ್ರ ಎನ್ನುತ್ತಾರೆ ವೈದ್ಯರು. ನಾನು ಅದನ್ನೂ ದಾಟಿದ್ದೆ. ಗಣಿತದಲ್ಲಿ ಎಂದೂ ಬಾರದ ಅಂಕ ನಿದ್ದೆಯಲ್ಲಿ ಬಂತು.

ಬಹುಮಾನವಾಗಿ ಸಿಪ್ಯಾಪ್ ಯಂತ್ರ ಮನೆಗೆ ಬಂತು. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವಿದು: ಮೂಗಿನ ಮೂಲಕ ಒತ್ತಡದ ಗಾಳಿ ಕಳಿಸಿ ಗಂಟಲು ಮುಚ್ಚದಂತೆ ತಡೆಯುವುದು. ಕೊಳವೆ ಸಮೇತ ಮಾಸ್ಕ್ ತೊಟ್ಟ ನನ್ನನ್ನು ಕಂಡು ಮೊಮ್ಮಗ ಗಣಪತಿಯೆಂದು ಕೈಮುಗಿದ.

ಮೂಗಿಗೆ ಮಾತ್ರ ಭಕ್ತಿ ಬರಲಿಲ್ಲ. ಕೈಗಾರಿಕಾ ಪ್ರದೇಶದ ಲಾರಿಗಳ ದೂಳು, ಮುಸುಕಿನ ಜೋಳ ಒಕ್ಕುವ ಕಾಲದ ಹೊಟ್ಟು, ಬದುವಿನ ತುಂಬ ಪಾರ್ಥೇನಿಯಂ. ಮೂಗು ಕಟ್ಟಲು ಇನ್ನೇನು ಬೇಕು? ಮೂಗಿನಲ್ಲಿ ದಾರಿಯಿಲ್ಲದೆ ಬಾಯಿ ತೆರೆದರೆ ಗಾಳಿಯೆಲ್ಲ ಅಲ್ಲೇ ಸೋರಿ, ಬೆಳಗಾಗುವಷ್ಟರಲ್ಲಿ ನಾಲಿಗೆ ಒಣಗಿ ರೊಟ್ಟಿ.

ಕಿವಿ-ಮೂಗು-ಗಂಟಲಿನ ವೈದ್ಯರು ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದರು, ಒಂದು ಸ್ಪ್ರೇ ಬರೆದುಕೊಟ್ಟರು. ಅಂಗಡಿಯಿಂದ ತಂದು ಹಾಕಿಕೊಳ್ಳುವ ಹನಿಗಳನ್ನು ನಾಲ್ಕೈದು ದಿನ ಮೀರಿ ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆಂದು ಎಚ್ಚರಿಸಿದರು. ಗಾಳಿಗೆ ತೇವ ಕೊಡುವ ಡಬ್ಬಿಗೆ ಡಿಸ್ಟಿಲ್ಡ್ ವಾಟರೇ ಆಗಬೇಕಂತೆ. ಪಾತ್ರೆಗಳಿಗೆ ಬಿಳಿ ಪದರ ಕಟ್ಟುವ ನಮ್ಮ ಬೋರ್‌ವೆಲ್ ನೀರಿಗೆ ಅಲ್ಲಿ ಪ್ರವೇಶವಿಲ್ಲ.

ಅಭ್ಯಾಸವಾಗಲೆಂದು ಹಗಲಲ್ಲೂ ಕಡಿಮೆ ಒತ್ತಡದಲ್ಲಿ ಮಾಸ್ಕ್ ತೊಟ್ಟು ಟೀವಿಯ ರಾಜಕೀಯ ಚರ್ಚೆ ನೋಡತೊಡಗಿದೆ. ಬಾಯಿ ಬಿಟ್ಟರೆ ಗಾಳಿ ಸೋರುತ್ತದಲ್ಲ, ಎದುರು ಪಕ್ಷದ ವಾದವನ್ನು ಪೂರ್ತಿ ಕೇಳುವ ಯೋಗ ನನಗೆ ಆಗಲೇ ಬಂದದ್ದು. ಈ ಯಂತ್ರವನ್ನು ಶಾಸಕರಿಗೆ ಸದನದಲ್ಲೇ ಹಂಚಬಹುದು.

ನಿಮ್ಮ ಮನೆಯಲ್ಲೂ ಗೊರಕೆಯ ನಡುವೆ ಉಸಿರು ಕಟ್ಟುವವರಿದ್ದರೆ ನಕ್ಕು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಮಾಸ್ಕ್ ಒಗ್ಗದಿದ್ದರೆ ಅದನ್ನು ಅಟ್ಟಕ್ಕೆ ಹಾಕುವ ಮೊದಲು ಮೂಗನ್ನೊಮ್ಮೆ ವಿಚಾರಿಸಿಕೊಳ್ಳಿ.