ಮಂಜೂರಾಗೈತ್ರೀ!

ಗಡಿ ಜಗಳಕ್ಕೆ ಮಹಾಜನ್ ಆಯೋಗದ ವರದಿಯೇ ಅಂತಿಮ ಎಂದು ಎದೆ ತಟ್ಟಿಕೊಳ್ಳುವ ನಮ್ಮ ನಾಡಪ್ರೇಮಿಗಳಲ್ಲಿ ಎಷ್ಟು ಮಂದಿ ಆ ವರದಿಯನ್ನು ಬಿಚ್ಚಿ ನೋಡಿದ್ದಾರೋ ದೇವರೇ ಬಲ್ಲ. ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದ 1967ರ ಆ ವರದಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಟ್ಟುಬಿಡಿ ಎಂದೂ ಹೇಳಿದೆ. ಬೆಳಗಾವಿ ಸಿಗಲಿಲ್ಲವೆಂಬ ಸಿಟ್ಟಿಗೆ ಮಹಾರಾಷ್ಟ್ರ ಇಡೀ ವರದಿಯನ್ನೇ ತಳ್ಳಿಹಾಕಿತು, ನಿಪ್ಪಾಣಿ ನಮ್ಮಲ್ಲೇ ಉಳಿಯಿತು. ಅಂದರೆ ನಿಪ್ಪಾಣಿಯನ್ನು ಕೊಡಿಸುವ ಕಾಗದಕ್ಕೆ ಆರತಿ ಎತ್ತುವವರು ನಾವು, ಅದನ್ನು ಹರಿದು ಹಾಕಿ ನಿಪ್ಪಾಣಿಯನ್ನು ನಮಗೆ ಉಳಿಸಿಕೊಟ್ಟವರು ಅವರು. ಇಷ್ಟಾದರೂ ದ್ರೋಹಿ ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ.

ನಿಪ್ಪಾಣಿಯ ಹುಡುಗರಿಗೆ ಈ ತಲೆಬಿಸಿ ಇಲ್ಲ. ಅವರು ಓದುವ ದೇವಚಂದ ಕಾಲೇಜು ಊರಿಗೆ ಅಂಟಿಕೊಂಡೇ ಇದೆ, ಆದರೆ ಇರುವುದು ಅರ್ಜುನನಗರದಲ್ಲಿ, ಎಂದರೆ ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನಲ್ಲಿ. ಟಪಾಲು ಮಾತ್ರ ನಿಪ್ಪಾಣಿಯ ಪಿನ್‌ಕೋಡಿಗೇ ಬರುತ್ತದೆ. ಸುಪ್ರೀಂ ಕೋರ್ಟಿನಲ್ಲಿ 2004ರಿಂದ ಬಗೆಹರಿಯದ ಗಡಿ ತಂಟೆಯನ್ನು ಅಂಚೆ ಇಲಾಖೆ ಆರು ಅಂಕಿಗಳಲ್ಲಿ ಮುಗಿಸಿದೆ.

ಇತ್ತ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರನ್ನು ಪ್ರೀತಿಸಲು ಎರಡು ಸರಕಾರಗಳ ಪೈಪೋಟಿ ಉಂಟು. ಪ್ರೀತಿ ಉಕ್ಕುವುದು ಭಾಷಣದಲ್ಲಿ. ನೀರಿನ ವಿಷಯ ಬಂದಾಗ ಇಬ್ಬರೂ ಪತ್ರ ಬರೆಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡತೊಡಗಿದಾಗ ಬೆಂಗಳೂರಿನಿಂದ ಮುಂಬೈಗೆ ವಿನಂತಿ ಹೋಗುತ್ತದೆ: ದಯವಿಟ್ಟು ಕೊಯ್ನಾ, ವಾರಣಾ ಜಲಾಶಯಗಳಿಂದ ಎರಡು-ಮೂರು ಟಿಎಂಸಿ ಬಿಡಿ. ಉತ್ತರ ಬರುವಷ್ಟರಲ್ಲಿ ಮಳೆಗಾಲ ಹತ್ತಿರವಾಗಿರುತ್ತದೆ. ಆಮೇಲೆ ನೀರು ವಿನಂತಿಯಿಲ್ಲದೆ, ಪತ್ರವಿಲ್ಲದೆ, ಅಡಿಗೆಮನೆಯ ತನಕ ಬರುತ್ತದೆ. 2005, 2019, 2021ರಲ್ಲಿ ಬಂದಂತೆ. ಸಾಂಗಲಿ ಮುಳುಗಿದ್ದು ಆಲಮಟ್ಟಿಯಿಂದ ಎಂದು ಅವರು, ನಾವು ಮುಳುಗಿದ್ದು ಕೊಯ್ನಾದಿಂದ ಎಂದು ನಾವು. ನಡುವೆ ಯಡೂರು, ಇಂಗಳಿ, ಮಾಂಜರಿ, ಜುಗೂಳದವರು ಎಮ್ಮೆ-ಆಕಳುಗಳನ್ನು ಹೊಡೆದುಕೊಂಡು ಕಾಳಜಿ ಕೇಂದ್ರದ ಕಡೆ ನಡೆದಿರುತ್ತಾರೆ. ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿ, ಸಿದ್ನಾಳ-ಅಕ್ಕೋಳ ಸೇತುವೆಗಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟು ತಪ್ಪದೆ ಬರುತ್ತದೆಂದರೆ, ಕ್ಯಾಲೆಂಡರಿನಲ್ಲಿ ನಾಗರ ಪಂಚಮಿಯ ಪಕ್ಕವೇ ಅಚ್ಚು ಹಾಕಿಸಬಹುದು.

ಆಚೆ ಕಡೆಯ ಸುಖವೂ ಇಷ್ಟೇ. ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ನೀರಿಲ್ಲದೆ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. 2022ರಲ್ಲಿ ಅದೇ ಮಾತು ಮತ್ತೆ ಎದ್ದಾಗ ನಮ್ಮವರಿಗೆ ಹೆಮ್ಮೆಯೋ ಹೆಮ್ಮೆ. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ನಮ್ಮ 865 ಹಳ್ಳಿಗಳು ತನ್ನವೆಂದು ಠರಾವು ಮಾಡಿತು. ಕಬ್ಬಿನ ದರ ಕೇಳುವಾಗ ನಮಗೆ ಕೊಲ್ಹಾಪುರ ನೆನಪಾಗುತ್ತದೆ, ಪೆಟ್ರೋಲ್ ಹಾಕಿಸುವಾಗ ಅವರಿಗೆ ನಿಪ್ಪಾಣಿ ನೆನಪಾಗುತ್ತದೆ.

ಎರಡೂ ಸರಕಾರಗಳು ಕೂಡಿ ಪಡೆದ ಅಪರೂಪದ ಕಾಗದವೊಂದಿದೆ. ಅದು ಇರುವುದು ಚಪ್ಪಲಿಯ ಮೇಲೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಹಕ್ಕುದಾರರು ಎರಡು ಚರ್ಮೋದ್ಯಮ ನಿಗಮಗಳು: ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್. ಅಲ್ಲಿನ ನಾಲ್ಕು ಜಿಲ್ಲೆ, ಇಲ್ಲಿನ ನಾಲ್ಕು. ಅಥಣಿಯ, ಮದಭಾವಿಯ ಸಮಗಾರರು ತಲೆಮಾರುಗಳಿಂದ ಚರ್ಮ ಹದ ಮಾಡಿ, ಹೊಲಿದು, ಹೆಸರನ್ನು ಕೊಲ್ಹಾಪುರಕ್ಕೆ ಬಿಟ್ಟುಕೊಟ್ಟರು. ಒಂದಿಂಚೂ ಬಿಡೆವು ಎನ್ನುವವರು ಹೆಸರಿಗೆ ಹೆಸರೇ ಹೋದದ್ದನ್ನು ಗಮನಿಸಿದ್ದು ಯಾವಾಗ? 2025ರ ಜೂನ್‌ನಲ್ಲಿ, ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ಮೆಟ್ಟಿಸಿ ನಡೆಸಿದಾಗ. ಆಗ ಎರಡೂ ರಾಜ್ಯಗಳ ಸ್ವಾಭಿಮಾನ ಒಟ್ಟಿಗೆ ಕೆರಳಿತು. ಚಪ್ಪಲಿ ಹೊಲಿಯುವವನ ಕೂಲಿಯ ಬಗ್ಗೆ ಅಷ್ಟು ಕೆರಳಿದ್ದು ಕಾಣೆ.

ಇಷ್ಟೆಲ್ಲ ಇದ್ದೂ ಇಲ್ಲಿಯವರು ನಾಡನ್ನು ಪ್ರೀತಿಸುತ್ತಾರೋ ಇಲ್ಲವೋ ಎಂದು ತಿಳಿಯಬೇಕಾದವರು ಮಿರಜ್‌ನ ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ತಾಸು ಕೂಡಬೇಕು. ಅಥಣಿ, ಕಾಗವಾಡ, ರಾಯಬಾಗದ ಅರ್ಧ ಕಾಯಿಲೆ ಅಲ್ಲೇ ಸಿಗುತ್ತದೆ. ದಾರಿಯುದ್ದಕ್ಕೂ ತಗ್ಗು ಎಣಿಸುತ್ತ, ಗುತ್ತಿಗೆದಾರನ ಮೂರು ತಲೆಮಾರಿಗೆ ಬೈಯುತ್ತ ಬಂದ ನಮ್ಮ ಕಾಕಾನಿಗೆ ಪಕ್ಕದ ಸಾಂಗಲಿಯವನು ಕನಿಕರದಿಂದ ಕೇಳುತ್ತಾನೆ: “ನಿಮ್ಮ ಕಡಿ ರಸ್ತೆ ಭಾಳ ಕೆಟ್ಟಾವಲ್ರೀ?” ಕಾಕಾನ ಬೆನ್ನು ನೆಟ್ಟಗಾಗುತ್ತದೆ. “ಯಾರ ಹೇಳಿದ್ರಿ? ರೊಕ್ಕ ಮಂಜೂರಾಗೈತ್ರೀ! ದೀಪಾವಳಿ ಆದ ಮ್ಯಾಲೆ ನೋಡ್ರಿ, ಕಾರು ನೀರಾಗ ಮೀನ ಹೋದಂಗ ಹೋಗತಾವು.” ಯಾವ ದೀಪಾವಳಿ ಎಂದು ಅವನು ಹೇಳುವುದಿಲ್ಲ. ಮಂತ್ರಿಗಳು ಹೇಳಲು ನಾಚುವ ಸುಳ್ಳನ್ನು ಸರಕಾರದ ಪರವಾಗಿ ಸಂಬಳವಿಲ್ಲದೆ ಹೇಳಿ, ಸಂಜೆ ಅದೇ ತಗ್ಗುಗಳ ಮೇಲೆ ಸೊಂಟ ಹಿಡಿದುಕೊಂಡು ವಾಪಸಾಗುತ್ತಾನೆ. ಇವನಿಗಿಂತ ದೊಡ್ಡ ನಾಡಪ್ರೇಮಿಯನ್ನು ಯಾವ ಸಂಘಟನೆಯಾದರೂ ತೋರಿಸಲಿ.

ಕಾಕಾ ನಾಡಪ್ರೇಮಕ್ಕೆ ಇದಕ್ಕಿಂತ ದೊಡ್ಡ ಕಂದಾಯವನ್ನೂ ಕಟ್ಟುತ್ತಾನೆ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಬಾಗಲಕೋಟೆ, ಗದಗ, ಹಾವೇರಿ ಮುಂತಾದ ಹೊಸ ಜಿಲ್ಲೆಗಳನ್ನು ಮಾಡಿದ ಕಾಲಕ್ಕೆ ಚಿಕ್ಕೋಡಿಯನ್ನೂ ಘೋಷಿಸಿ ಹಿಂದೆಗೆದುಕೊಂಡಿತು. ಜಿಲ್ಲೆ ಒಡೆದರೆ ಉಳಿದ ಬೆಳಗಾವಿಯಲ್ಲಿ ಮರಾಠಿಯ ತೂಕ ಹೆಚ್ಚೀತು ಎಂಬುದು ಕನ್ನಡಪರರ ಆತಂಕ. ಆಮೇಲೆ ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ, ವಿಜಯನಗರ ಜಿಲ್ಲೆಗಳಾದವು. ಚಿಕ್ಕೋಡಿಗೆ ಶೈಕ್ಷಣಿಕ ಜಿಲ್ಲೆ, ಗಾಡಿಗಳಿಗೆ ಕೆಎ 23, ಒಂದು ಲೋಕಸಭಾ ಕ್ಷೇತ್ರ ಎಲ್ಲ ಇವೆ, ಜಿಲ್ಲಾಧಿಕಾರಿ ಒಬ್ಬರನ್ನು ಬಿಟ್ಟು. 2018ರಲ್ಲಿ ನಿಪ್ಪಾಣಿ, ಕಾಗವಾಡಗಳನ್ನು ತಾಲೂಕು ಮಾಡಿ ಸಮಾಧಾನಪಡಿಸಿದರು. ಜಿಲ್ಲಾಧಿಕಾರಿ ಕಚೇರಿಯ ಒಂದು ಸಹಿಗೆ ಅಥಣಿಯವನು ಇಂದಿಗೂ ಸುಮಾರು ನೂರಾನಲವತ್ತು ಕಿಲೋಮೀಟರ್ ಹೋಗುತ್ತಾನೆ, ಸಾಹೇಬರು ಮೀಟಿಂಗಿನಲ್ಲಿದ್ದರೆ ಮರುದಿನ ಮತ್ತೆ ಹೋಗುತ್ತಾನೆ. ಬೆಳಗಾವಿಯನ್ನು ಕನ್ನಡಕ್ಕೆ ಉಳಿಸಿಕೊಟ್ಟಿರುವುದು ಆಯೋಗವಲ್ಲ, ವಕೀಲರೂ ಅಲ್ಲ; ಟಿಕೆಟ್ ಹರಿಸಿಕೊಂಡು ಓಡಾಡುವ ಅಥಣಿಯವನು.

2012ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೆ ಚಳಿಗಾಲದಲ್ಲಿ ಹತ್ತು ದಿನದ ಮಟ್ಟಿಗೆ ಜೀವ ಬರುತ್ತದೆ. ಅಲ್ಲಿ ನಮ್ಮ ಗಡಿ ಕಾಯಲು ಬರುವ ಮಾನ್ಯ ಶಾಸಕರಲ್ಲಿ ಒಂದು ವಿನಂತಿ. ಉತ್ತರ ಕರ್ನಾಟಕದ ಚರ್ಚೆಯನ್ನು ಹೇಗೂ ಕೊನೆಯ ದಿನಗಳಿಗೆ ತಳ್ಳುತ್ತೀರಿ. ಆ ಒಂದು ದಿನ ಬೆಳಗಾವಿಯಿಂದ ಚಿಕ್ಕೋಡಿ, ರಾಯಬಾಗದ ಮೇಲೆ ಹಾಯ್ದು ಅಥಣಿಗೆ ಸರಕಾರಿ ಬಸ್ಸಿನಲ್ಲಿ ಬನ್ನಿ. ಮುಂದೆ ಪೊಲೀಸ್ ಗಾಡಿ ಬೇಡ, ಹಿಂದೆ ಹಾರ-ತುರಾಯಿ ಬೇಡ. ಶಾಸಕಿಯರು ಆಧಾರ್ ಕಾರ್ಡು ತಂದರೆ ಟಿಕೆಟ್ಟಿಗೆ ರೊಕ್ಕವೂ ಬೇಡ. ಹಿಂದಿನ ಸೀಟಿಗೆ ನಾವೇ ಟವೆಲ್ ಹಾಕಿ ಇಟ್ಟಿರತೀವ್ರಿ.