ನಲ್ ರಾಯರು

ಡೇಟಾಬೇಸಿನಲ್ಲಿ ಖಾಲಿ ಬಿಟ್ಟ ಜಾಗಕ್ಕೆ ನಲ್ ಅನ್ನುತ್ತಾರೆ. ಅಂಥದ್ದೊಂದು ಕಣ್ಣಿಗೆ ಬಿದ್ದರೆ ನಮ್ಮ ರಾಯರಿಗೆ ಅವತ್ತು ಊಟ ಸೇರುವುದಿಲ್ಲ. ವೈಟ್‌ಫೀಲ್ಡ್‌ನ ಯಾವ ಟೆಕ್ ಪಾರ್ಕಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಪಾಲಿಗೆ ಬಂದವರು ಪಕ್ಕದ ಸೀಟಿನಲ್ಲೇ ಕೂತಿದ್ದಾರೆ. ಕ್ಯಾಂಟೀನ್ ಟೋಕನ್ನಿನ ನಂಬರನ್ನೂ ಪರೀಕ್ಷಿಸುವ ಆಸಾಮಿ.

ಅವರ ಕೈಗೆ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಸಿಕ್ಕಿತು. ಡಿಕನ್ಸ್ ಕಾದಂಬರಿಯದೇ ಹೆಸರಿನ ಪೈಥಾನ್ ಟೂಲು, ಕಾಸು ಕೊಡಬೇಕಿಲ್ಲ. 'ಈ ಕಾಲಂ ಖಾಲಿ ಇರಕೂಡದು', 'ಪಿನ್ ಕೋಡ್ ಆರಂಕಿ ಇರಬೇಕು' ಎಂದು ನಿಯಮ ಬರೆದಿಟ್ಟರೆ, ಡೇಟಾ ಬಂದಾಗೆಲ್ಲ ಪಾಸೋ ಫೇಲೋ ಹೇಳಿಬಿಡುತ್ತದೆ. ತಿಳಿದವರು ಒಂದು ಟೇಬಲ್ಲು, ಎರಡು ನಿಯಮದಿಂದ ಶುರು ಮಾಡುತ್ತಾರೆ. ರಾಯರು ಕಂಡ ಕಂಡ ಕಾಲಂಗೆಲ್ಲ ಬರೆದರು. 'ಮೋಸ್ಟ್ಲಿ' ಅಂತ ಒಂದು ರಿಯಾಯಿತಿ ಇದೆ, 0.95 ಕೊಟ್ಟರೆ ನೂರಕ್ಕೆ ತೊಂಬತ್ತೈದು ಸರಿಯಿದ್ದರೂ ಪಾಸು ಎಂದು ನೆನಪಿಸಿದೆ. "ನಿಮ್ಮ ಸಂಬಳ ಮೋಸ್ಟ್ಲಿ ಬಂದರೆ ಸಾಕೇನ್ರೀ?" ಎಂದರು. ಡೇಟಾದ ಮೇಲಿನ ಹತ್ತು ಸಾಲು ನೋಡಿ 'ಚೆನ್ನಾಗಿದೆ' ಅನ್ನುವ ನಾನು ಬಾಯಿ ಮುಚ್ಚಿಕೊಂಡೆ.

ಪೀಣ್ಯದ ಕಾರ್ಖಾನೆಯೊಂದರ ನೌಕರರ ಪಟ್ಟಿ ಬಂತು. ಪರದೆಯೆಲ್ಲ ಕೆಂಪು. ಅರ್ಧಕ್ಕರ್ಧ ಜನಕ್ಕೆ ಲಾಸ್ಟ್ ನೇಮೇ ಇಲ್ಲ. ಇರುವುದು ಹೆಸರು, ಹಿಂದೊಂದು ಇನಿಷಿಯಲ್ಲು. ಅದು ಸಾಲದೆಂದು, ಹಳಬರಲ್ಲಿ ಮುಕ್ಕಾಲು ಪಾಲು ಜೂನ್ 1ರಂದೇ ಹುಟ್ಟಿದ್ದಾರೆ!

"ಫೇಕ್ ಡೇಟಾ ಕಣ್ರೀ ಇದು!"

"ಫೇಕಲ್ಲ ಸಾರ್, ಮೇಷ್ಟ್ರು ಬರೆದದ್ದು. ಜೂನ್‌ನಲ್ಲಿ ಸ್ಕೂಲಿಗೆ ಸೇರಿಸುವಾಗ ತಾರೀಖು ಯಾರಿಗೆ ನೆನಪಿರುತ್ತಿತ್ತು?"

ರಾಯರು ಮೌಸ್ ಬಿಟ್ಟರು. "ನಮ್ಮಪ್ಪಂದೂ ಅದೇ ತಾರೀಖು," ಎಂದರು ಸ್ವಲ್ಪ ಹೊತ್ತಿನ ಮೇಲೆ. "ರಾಗಿ ಕೊಯ್ಲಿನ ಟೈಮಲ್ಲಿ ಹುಟ್ಟಿದ್ದಂತೆ. ಅಜ್ಜಿ ಅಷ್ಟೇ ಹೇಳ್ತಿದ್ಳು." ಹುಟ್ಟಿದ ತಾರೀಖಿನ ನಿಯಮವನ್ನು ಅವರೇ ಅಳಿಸಿದರು.

ಬೈಯಬೇಕೆಂದರೂ ಪೂರ್ತಿ ಬೈಯಲಾಗದ ಮನುಷ್ಯ. ಸಂಬಳದ ಫೈಲು ಒಮ್ಮೆ ಎರಡೆರಡು ಸಲ ಲೋಡಾಗಿದ್ದಾಗ ಹಿಡಿದದ್ದು ಅವರ ನಿಯಮವೇ. ಎರಡು ಸಂಬಳ ತಪ್ಪಿತೆಂದು ಪೀಣ್ಯದವರಿಗೆ ಗೊತ್ತಾಗಿದ್ದರೆ ಶಾಪ ಹಾಕುತ್ತಿದ್ದರು.

ಲಾಸ್ಟ್ ನೇಮಿನ ಹಟ ಮಾತ್ರ ಬಿಡಲಿಲ್ಲ. ಪಟ್ಟಿ ವಾಪಸ್ ಹೋಯಿತು. ಕಾರ್ಖಾನೆಯ ಗುಮಾಸ್ತರು ಮಾರನೆಯ ದಿನವೇ ಸರಿಮಾಡಿ ಕಳಿಸಿದರು. ಪರೀಕ್ಷೆ ಪೂರ್ತಿ ಹಸಿರು. ರಾಯರು ಎಲ್ಲರಿಗೂ ಕಾಫಿ ಹೇಳಿ, ಖುಷಿಯಿಂದ ಫೈಲು ತೆರೆದು ನೋಡಿದರೆ, ಲಾಸ್ಟ್ ನೇಮ್ ಇಲ್ಲದವರಿಗೆಲ್ಲ ಒಂದೊಂದು ಚುಕ್ಕಿ.

ಕಾಫಿ ಆರುತ್ತಿದೆ. ರಾಯರು ಚುಕ್ಕಿಗೊಂದು ನಿಯಮ ಬರೆಯುತ್ತಿದ್ದಾರೆ.