ಮನೆಯಲ್ಲೇ ಮಾಡಿ ನೋಡಿ: ತೊಳೆಯುವ ನೀರಿನ ಬಳಕೆದಾರರ ಕೈಪಿಡಿ



ಅಂಗಡಿಯ ನೀಲಿ, ಹಸಿರು, ಗುಲಾಬಿ ಬಾಟಲಿಗಳಿಗೆ ದೂರದಿಂದಲೇ ನಮಸ್ಕಾರ ಹೇಳಿ, ಅಡುಗೆಮನೆ ಮತ್ತು ಬಚ್ಚಲನ್ನು ಸ್ವಂತ ತಯಾರಿಕೆಯ ದ್ರಾವಣದಿಂದ ತೊಳೆಯಲು ಹೊರಟಿದ್ದೀರಿ. ಅಭಿನಂದನೆಗಳು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿರಿ. ಓದಿದ ಮೇಲೆ, ಬೇಕಾದಾಗ ಕೈಗೆ ಸಿಗದಂಥ ಜಾಗದಲ್ಲಿ ಜೋಪಾನವಾಗಿ ಎತ್ತಿಡಿರಿ.

ಈ ದ್ರಾವಣದಲ್ಲಿ ‘ಕೆಮಿಕಲ್ ಇಲ್ಲ’ ಎಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮಗೆ ಈಗಾಗಲೇ ಭರವಸೆ ಸಿಕ್ಕಿರುತ್ತದೆ. ವಿನೆಗರ್‌ನ ಹುಳಿ ಅಸಿಟಿಕ್ ಆಮ್ಲ. ನಿಂಬೆಯದು ಸಿಟ್ರಿಕ್, ಹುಣಸೆಹಣ್ಣಿನದು ಟಾರ್ಟಾರಿಕ್. ಅಡುಗೆ ಸೋಡಾ ಸೋಡಿಯಂ ಬೈಕಾರ್ಬೊನೇಟ್. ಸೌದೆ ಬೂದಿಯ ಶಕ್ತಿಯೆಲ್ಲ ಪೊಟ್ಯಾಸಿಯಂ ಕಾರ್ಬೊನೇಟಿನಲ್ಲಿದೆ. ಕೆಮಿಕಲ್ ಅಲ್ಲದ್ದು ಇಲ್ಲಿ ಒಂದೇ ಒಂದು: ಆ ಸಂದೇಶ ಕಳಿಸಿದವರ ಆತ್ಮವಿಶ್ವಾಸ.

1. ಪೆಟ್ಟಿಗೆಯಲ್ಲಿ ಏನೇನಿದೆ

ಹುಳಿ ವಿಭಾಗ: ವಿನೆಗರ್, ಹುಣಸೆಹಣ್ಣು, ನಿಂಬೆಹಣ್ಣು. ನಿಂಬೆಯ ರಸ ಚಿತ್ರಾನ್ನಕ್ಕೆ ಹೋಗಲಿ, ಹಿಂಡಿದ ಹೋಳು ಇಲ್ಲಿಗೆ ಸಾಕು.

ಕ್ಷಾರ ವಿಭಾಗ: ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ, ಸೌದೆ ಒಲೆಯ ಬೂದಿ. ಗ್ಯಾಸ್ ಒಲೆಯಲ್ಲಿ ಬೂದಿ ಸಿಗುವುದಿಲ್ಲ. ಊರಿನಿಂದ ತರಿಸಿಕೊಳ್ಳಿ, ಅಲ್ಲೂ ಗ್ಯಾಸ್ ಬಂದಿದ್ದರೆ ಈ ಸಾಲನ್ನು ಹೊಡೆದುಹಾಕಿ.

ನೊರೆ ವಿಭಾಗ: ಅಂಟುವಾಳಕಾಯಿ, ಸೀಗೆಪುಡಿ. ಎರಡರಲ್ಲೂ ಸಪೋನಿನ್ ಎಂಬ ನೊರೆ ಬರಿಸುವ ವಸ್ತುವಿದೆ.

ಉಜ್ಜುವ ವಿಭಾಗ: ತೆಂಗಿನ ನಾರು, ಹಳೆಯ ಟೂತ್‌ಬ್ರಷ್, ಯಜಮಾನರ ಇನ್ನೂ ಹರಿಯದ ಬನೀನು.

ತೋಳು, ಎರಡು: ಪೆಟ್ಟಿಗೆಯಲ್ಲಿ ಇರುವುದಿಲ್ಲ, ಗ್ರಾಹಕರೇ ಒದಗಿಸಿಕೊಳ್ಳಬೇಕು. ಇವನ್ನು ಹೊರಗಿನಿಂದ ತರಿಸಿಕೊಳ್ಳುವ ರೂಢಿ ಹಲವು ಮನೆಗಳಲ್ಲಿದೆ.

2. ಕೊಳೆಯನ್ನು ಗುರುತಿಸುವ ವಿಧಾನ

ಕೊಳೆಯ ಮೇಲೆ ಬೆರಳಾಡಿಸಿ. ಅಂಟಿಕೊಂಡರೆ ಅದು ಜಿಡ್ಡು. ಒಲೆಯ ಹಿಂದಿನ ಟೈಲ್ಸ್, ಚಿಮಣಿಯ ಜಾಲರಿ, ಎಣ್ಣೆ ಡಬ್ಬಿ ಕೂರುವ ಜಾಗ ಇದರ ಖಾಯಂ ವಿಳಾಸ. ಉಗುರಿನಲ್ಲಿ ಕೆರೆದರೆ ಬಿಳಿ ಪುಡಿ ಉದುರಿತೋ, ಅದು ಬೋರ್ ನೀರಿನ ಉಪ್ಪು: ನಲ್ಲಿಯ ಬುಡ, ಷವರಿನ ತೂತು, ಬಕೆಟ್ಟಿನ ಒಳಮೈ.

ನೆಲದಾಳದ ಕಲ್ಲುಗಳ ನಡುವೆ ಇರುವಾಗಲೇ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡಿರುತ್ತದೆ, ಇದೇ ಗಡಸುತನ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು. ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಸಹಿಸಿಕೊಳ್ಳಬಹುದು. ನೀರು ಆರಿಹೋಗುತ್ತದೆ, ಸುಣ್ಣ ನಲ್ಲಿಯ ಮೇಲೆ ಉಳಿಯುತ್ತದೆ. ಗೀಸರಿನಲ್ಲಿ ಕಾಯಿಸಿದರಂತೂ ಆರುವ ತನಕವೂ ಕಾಯದೆ ಕಾಯಿಲ್ ಸುತ್ತಲೇ ಗಟ್ಟಿಯಾಗಿ ಕೂರುತ್ತದೆ.

ಇಡೀ ಕೈಪಿಡಿಯ ಸಾರ ಇಷ್ಟು: ಜಿಡ್ಡಿಗೆ ಕ್ಷಾರ ಅಥವಾ ನೊರೆ, ಸುಣ್ಣಕ್ಕೆ ಹುಳಿ. ಇದನ್ನು ನೆನಪಿಟ್ಟುಕೊಂಡವರು ಮುಂದೆ ಓದದಿದ್ದರೂ ನಡೆಯುತ್ತದೆ. ಆದರೆ ನೀವು ಹುಳಿ, ಕ್ಷಾರ ಎರಡನ್ನೂ ಬೆರೆಸಲು ಹೊರಟಿದ್ದೀರಿ ಎಂಬುದು ನಮಗೆ ಗೊತ್ತಿರುವುದರಿಂದ ಮುಂದುವರಿಸುತ್ತೇವೆ.

3. ಯಾವ ಕಲ್ಲಿಗೆ ಯಾವುದು

ಸುಣ್ಣ ಎಲ್ಲೇ ಇರಲಿ, ಹುಳಿ ಅದನ್ನು ಕರಗಿಸುತ್ತದೆ. ಕಲೆಯಲ್ಲಿರುವ ಸುಣ್ಣ, ಕಲ್ಲಿನಲ್ಲಿರುವ ಸುಣ್ಣ ಎಂಬ ಭೇದ ಅದಕ್ಕೆ ತಿಳಿಯದು. ಗ್ರಾನೈಟ್ ಕಟ್ಟೆಯಾದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಹಳೆಯ ಮನೆಗಳ ಅಡುಗೆ ಕಟ್ಟೆ, ಕಪಾಟುಗಳಿಗೆ ಹಾಸಿದ ಕಪ್ಪು ಕಡಪ ಕಲ್ಲು, ಕಲಬುರಗಿ ಕಡೆಯ ಬೂದುಬಣ್ಣದ ಶಹಾಬಾದ್ ಕಲ್ಲು, ಮಾರ್ಬಲ್ ಇವೆಲ್ಲ ಸುಣ್ಣದ ವಂಶದವು. ಕೊಯ್ದ ನಿಂಬೆಹೋಳನ್ನು ಕಡಪ ಕಟ್ಟೆಯ ಮೇಲೆ ಕವುಚಿಟ್ಟು ಮರೆತು ನೋಡಿ. ಎತ್ತಿದಾಗ ಹೋಳಿನಷ್ಟೇ ಅಗಲದ ಮಸುಕು ಉಂಗುರ ಇರುತ್ತದೆ. ಬೆರಳು ಸವರಿದರೆ ಅಷ್ಟು ಜಾಗ ಮಾತ್ರ ತರಿತರಿ. ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕಲೆಯಲ್ಲ, ಕಲ್ಲಿನ ಹೊಳಪೇ ಕರಗಿ ಬಿದ್ದ ಗಾಯ.

ಕೆಂಪು ಗಾರೆ ನೆಲಕ್ಕೂ ಟೈಲ್ಸ್ ಸಂದಿಯ ಸಿಮೆಂಟಿಗೂ ಇದೇ ಎಚ್ಚರಿಕೆ ಅನ್ವಯ. ನಿಮ್ಮ ಮನೆಯ ಕಲ್ಲಿನ ಜಾತಿ ಗೊತ್ತಿಲ್ಲದಿದ್ದರೆ ಫ್ರಿಜ್ಜಿನ ಹಿಂದೆಯೋ ಸಿಲಿಂಡರಿನ ಅಡಿಯಲ್ಲೋ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಬಿಡಿ. ಗುಳ್ಳೆ ಎದ್ದರೆ ಅಥವಾ ಹೊಳಪು ಮಾಸಿದರೆ ಹುಳಿ ವಿಭಾಗವನ್ನು ಅಡುಗೆಗೆ ವಾಪಸ್ ಕಳಿಸಿ.

ಅಲ್ಯೂಮಿನಿಯಂ ಪಾತ್ರೆಗೆ ಒಗೆಯುವ ಸೋಡಾ ಹಾಕಬೇಡಿ, ಕಪ್ಪಾಗುತ್ತದೆ. ಸ್ಟೀಲ್ ಸಿಂಕಿನಲ್ಲಿ ಬ್ಲೀಚಿಂಗ್ ನೀರು ನಿಲ್ಲಿಸಬೇಡಿ, ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ.

4. ತಯಾರಿಸುವ ವಿಧಾನ

4.1 ಜ್ವಾಲಾಮುಖಿ ಮಾದರಿ

ಅತ್ಯಂತ ಜನಪ್ರಿಯ ಮಾದರಿ ಇದು, ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಸಿಂಕಿಗೆ ಅಡುಗೆ ಸೋಡಾ ಉದುರಿಸಿ, ಮೇಲೆ ವಿನೆಗರ್ ಸುರಿಯಿರಿ. ಬುಸ್ ಎಂದು ನೊರೆ ಉಕ್ಕುತ್ತದೆ. ಮನೆಮಂದಿ ಬಂದು ನೋಡುತ್ತಾರೆ. ನೊರೆ ಇಳಿಯುತ್ತದೆ. ಮನೆಮಂದಿ ಹೋಗುತ್ತಾರೆ.

ನಡೆದದ್ದು ಇಷ್ಟು: ವಿನೆಗರ್‌ನಲ್ಲಿ ಸುಮಾರು ಶೇ 5ರಷ್ಟು ಆಮ್ಲವಿರುತ್ತದೆ. 100 ಮಿಲಿಲೀಟರಿನಲ್ಲಿರುವ ಆ 5 ಗ್ರಾಂ ಆಮ್ಲವನ್ನು ಮುಗಿಸಲು 7 ಗ್ರಾಂ ಅಡುಗೆ ಸೋಡಾ, ಅಂದರೆ ಒಂದೂವರೆ ಟೀ ಚಮಚ ಸಾಕು. ಹುಳಿ ಕ್ಷಾರವನ್ನು ತಿಂದಿತು, ಕ್ಷಾರ ಹುಳಿಯನ್ನು ತಿಂದಿತು. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಯಿತು. ಉಳಿದದ್ದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಅದು ಸುಣ್ಣವನ್ನೂ ಕರಗಿಸದು, ಜಿಡ್ಡನ್ನೂ ಬಿಡಿಸದು. ಎರಡು ಒಳ್ಳೆಯ ಸಾಮಾನು ಸುರಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮಿಶ್ರಣವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ‘ಸ್ಟಾಕ್’ ಇಡಲೇಬೇಡಿ. ಒಳಗೆ ಗ್ಯಾಸ್ ಕಟ್ಟಿ ಬಾಟಲಿ ಸಿಡಿಯುತ್ತದೆ.

4.2 ಅಜ್ಜಿ ಮಾದರಿ

ಬೀಜ ತೆಗೆದ ಹತ್ತು ಹನ್ನೆರಡು ಅಂಟುವಾಳಕಾಯಿಗಳನ್ನು ರಾತ್ರಿ ಅರ್ಧ ಲೀಟರ್ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಿ. ರೇಷ್ಮೆ ಸೀರೆಗೂ ಚಿನ್ನದ ಸರಕ್ಕೂ ಹಾನಿ ಮಾಡದ ಈ ನೀರು ನಿಮ್ಮ ಗ್ಯಾಸ್ ಒಲೆಗೂ ಮಾಡುವುದಿಲ್ಲ. ನಿತ್ಯದ ತೆಳು ಜಿಡ್ಡಿಗೆ ಸಾಕು. ದೀಪಾವಳಿಯಿಂದ ದೀಪಾವಳಿಗೆ ಬೆಳೆದ ಜಿಡ್ಡಿಗೆ ಸಾಲದು. ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು.

ಹೊರಗಿಟ್ಟರೆ ಬೇಗ ಹಳಸುತ್ತದೆ, ಹಾಗಾಗಿ ಫ್ರಿಜ್ಜಿನಲ್ಲಿಡಬೇಕು. ಬಣ್ಣ ಥೇಟ್ ಕಷಾಯದ್ದು. ಹೆಸರು ಬರೆದಿಡದಿದ್ದರೆ, ಶೀತವಾದ ಅತಿಥಿಗಳ ಹೊಣೆ ತಯಾರಕರದ್ದಲ್ಲ.

4.3 ತಪಸ್ಸಿನ ಮಾದರಿ

ಅಪಾರ್ಟ್‌ಮೆಂಟ್‌ಗಳಲ್ಲಿ ‘ಬಯೋ ಎಂಜೈಮ್’ ಎಂದು ಖ್ಯಾತಿ. ಬೆಲ್ಲ 1 ಪಾಲು, ಕಿತ್ತಳೆ, ಮೂಸಂಬಿ, ನಿಂಬೆ ಸಿಪ್ಪೆ 3 ಪಾಲು, ನೀರು 10 ಪಾಲು. ಪ್ಲಾಸ್ಟಿಕ್ ಡಬ್ಬದಲ್ಲಿ, ಮೇಲೆ ಜಾಗ ಬಿಟ್ಟು ತುಂಬಿ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. ಒಟ್ಟು ಮೂರು ತಿಂಗಳು ಕಾಯಿರಿ. ಅಷ್ಟರವರೆಗೆ ಬಚ್ಚಲು ತೊಳೆಯುವುದು ಹೇಗೆ ಎಂಬ ಪ್ರಶ್ನೆಗೆ ಈ ಮಾದರಿಯಲ್ಲಿ ಉತ್ತರವಿಲ್ಲ.

ಸೂಕ್ಷ್ಮಜೀವಿಗಳು ಬೆಲ್ಲವನ್ನು ಮೊದಲು ಮದ್ಯವಾಗಿಸಿ, ಆಮೇಲೆ ಹುಳಿಯಾಗಿಸುತ್ತವೆ. ಕೊನೆಗೆ ಸಿಗುವುದು ಹೆಚ್ಚುಕಡಿಮೆ ಕಿತ್ತಳೆ ಪರಿಮಳದ ತೆಳು ವಿನೆಗರ್. ಹಸಿಕಸ ಕಡಿಮೆಯಾಗುತ್ತದೆ, ನೆಲ ಒರೆಸಲು ಚೆನ್ನ. ಆದರೆ ಅದೂ ಹುಳಿಯೇ, ಆದ್ದರಿಂದ ವಿಭಾಗ 3ನ್ನು ಮತ್ತೊಮ್ಮೆ ಓದಿ. ಯಾವ ರೋಗವನ್ನೂ ಇದು ವಾಸಿ ಮಾಡುವುದಿಲ್ಲ, ಗುಂಪಿನ ಅಡ್ಮಿನ್ ಏನೇ ಹೇಳಲಿ.

5. ಬಳಸುವ ವಿಧಾನ

ನಲ್ಲಿಗೆ: ಹಳೆಯ ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ನಲ್ಲಿಯ ಕುತ್ತಿಗೆಗೆ ಸುತ್ತಿ, ಅರ್ಧ ಗಂಟೆ ಬಿಡಿ. ಸುರಿದ ತಕ್ಷಣ ಉಜ್ಜಿ ‘ಏನೂ ಆಗಲಿಲ್ಲ’ ಎನ್ನುವವರೇ ಹೆಚ್ಚು. ಬಟ್ಟೆ ಬಿಚ್ಚಿದಾಗ ಕಲ್ಲಿನಂತಿದ್ದ ಬಿಳಿ ಪದರ ಮೆತ್ತಗಾಗಿರುತ್ತದೆ, ಟೂತ್‌ಬ್ರಷ್ ಆಡಿಸಿದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಕೂಡಲೇ ನೀರಿನಲ್ಲಿ ತೊಳೆದು ಒರೆಸಿ. ರಾತ್ರಿಯಿಡೀ ಬಿಟ್ಟರೆ ಮೇಲಿನ ಲೇಪವೂ ಜೊತೆಗೆ ಹೋಗಬಹುದು.

ಒಲೆ ಹಿಂದಿನ ಟೈಲ್ಸಿಗೆ: ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಒಗೆಯುವ ಸೋಡಾ. ಕೈಗವಸು ಹಾಕಿಕೊಂಡು ಬಟ್ಟೆಯಲ್ಲಿ ಬಳಿದು, ಹತ್ತು ನಿಮಿಷ ಕಾದು, ಒರೆಸಿ. ಕ್ಷಾರ ಎಣ್ಣೆಯ ಒಂದಂಶವನ್ನು ಸೋಪಾಗಿಸಿ ಬಿಡಿಸುತ್ತದೆ. ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದವರು ಇದನ್ನೇ ಮಾಡುತ್ತಿದ್ದರು, ಪೇಟೆಂಟ್ ಮಾತ್ರ ಪಡೆಯಲಿಲ್ಲ.

ಹಿತ್ತಾಳೆ ದೀಪ, ತಾಮ್ರದ ಚೊಂಬಿಗೆ: ಹುಣಸೆಹಣ್ಣು, ಚಿಟಿಕೆ ಉಪ್ಪು. ಇದಕ್ಕೆ ಕೈಪಿಡಿ ಬೇಕಿಲ್ಲ, ಶುಕ್ರವಾರ ಬೇಕು.

6. ದೋಷ ಪತ್ತೆ ಮತ್ತು ಪರಿಹಾರ

ದೋಷ: ಹೊಳೆದ ನಲ್ಲಿ ಮರುವಾರ ಮತ್ತೆ ಬಿಳಿಯಾಗಿದೆ. ಕಾರಣ: ನೀವು ನಲ್ಲಿ ತೊಳೆದಿರಿ, ಬೋರ್‌ವೆಲ್ ತೊಳೆಯಲಿಲ್ಲ. ಪರಿಹಾರ: ಸ್ನಾನವಾದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಆರಲು ನೀರೇ ಇಲ್ಲದಿದ್ದರೆ ಸುಣ್ಣವೂ ಇಲ್ಲ.

ದೋಷ: ಬಚ್ಚಲಲ್ಲಿ ಗೋಬಿ ಮಂಚೂರಿ ಗಾಡಿಯ ವಾಸನೆ. ಕಾರಣ: ವಿನೆಗರ್. ಪರಿಹಾರ: ಕಿಟಕಿ ತೆರೆಯಿರಿ. ಮಕ್ಕಳಿಗೆ ಆಸೆ ತೋರಿಸಬೇಡಿ.

ದೋಷ: ನೆಲ ಒರೆಸಿದಲ್ಲೆಲ್ಲ ಇರುವೆ. ಕಾರಣ: ತಪಸ್ಸಿನ ಮಾದರಿಯನ್ನು ಅವಸರದಲ್ಲಿ ತೆರೆದಿದ್ದೀರಿ, ಬೆಲ್ಲ ಇನ್ನೂ ಬೆಲ್ಲವಾಗಿಯೇ ಇದೆ.

ದೋಷ: ಹೊಳೆಯುತ್ತಿದೆ, ಆದರೆ ಕ್ರಿಮಿ ಸತ್ತಿವೆಯೇ? ಕಾರಣ: ಕೊಳೆ ತೆಗೆಯುವುದು ಬೇರೆ, ಕ್ರಿಮಿ ಕೊಲ್ಲುವುದು ಬೇರೆ. ಪರಿಹಾರ: ವಿನೆಗರ್, ಸೋಡಾ, ಅಂಟುವಾಳ ಮೊದಲನೆಯದಕ್ಕೆ ಮಾತ್ರ. ಮನೆಯಲ್ಲಿ ವಾಂತಿ ಭೇದಿಯ ರೋಗಿ ಇದ್ದರೆ ಬ್ಲೀಚಿಂಗ್ ಪೌಡರಿನಂಥ ಸೋಂಕುನಾಶಕವೇ ಬೇಕು, ಅದಕ್ಕೆ ನಾಚಿಕೆ ಬೇಡ.

ದೋಷ: ದ್ರಾವಣ ಕೆಲಸವನ್ನೇ ಮಾಡುತ್ತಿಲ್ಲ. ಕಾರಣ: ಯಾರೂ ಉಜ್ಜಿಲ್ಲ.

7. ಅಪಾಯದ ಎಚ್ಚರಿಕೆ

ಈ ವಿಭಾಗದಲ್ಲಿ ತಮಾಷೆ ಇಲ್ಲ. ಬ್ಲೀಚಿಂಗ್ ಪೌಡರಿಗೆ ಅಥವಾ ಬ್ಲೀಚ್ ದ್ರವಕ್ಕೆ ಯಾವ ಹುಳಿಯನ್ನೂ ಬೆರೆಸಬೇಡಿ: ವಿನೆಗರ್ ಬೇಡ, ನಿಂಬೆ ಬೇಡ, ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳತ್ತ ಬಿಟ್ಟದ್ದು ಇದೇ ಅನಿಲವನ್ನು. ಅಲ್ಲಿ ಬಯಲಿತ್ತು, ನಿಮ್ಮ ಬಚ್ಚಲಿಗೆ ಇರುವುದು ಗೇಣಗಲದ ವೆಂಟಿಲೇಟರ್. ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನೂ ಬ್ಲೀಚಿಗೆ ಬೆರೆಸಬಾರದು, ಅದರಿಂದ ಕ್ಲೋರಮೈನ್ ಎಂಬ ವಿಷಾನಿಲ ಬರುತ್ತದೆ. ಗಂಟಲು, ಕಣ್ಣು ಉರಿಯತೊಡಗಿದರೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ಬನ್ನಿ, ಬಾಗಿಲು ಕಿಟಕಿ ತೆರೆದಿಡಿ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

8. ವಾರಂಟಿ

ಮಾಡಿದ್ದುಣ್ಣೋ ಮಹಾರಾಯ ಎಂಬ ಹಳೆಯ ನಿಯಮ ಈ ಉತ್ಪನ್ನಕ್ಕೆ ಅನ್ವಯಿಸಬೇಕಿತ್ತು. ಅನ್ವಯಿಸುವುದಿಲ್ಲ, ಏಕೆಂದರೆ ಮಾಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಭಾನುವಾರ ಹುಮ್ಮಸ್ಸಿನಲ್ಲಿ ದ್ರಾವಣ ಬೆರೆಸಿದವರು ಸೋಮವಾರ ಆಫೀಸಿಗೆ ಹೋಗಿರುತ್ತಾರೆ. ಹಳೆಯ ಜ್ಯೂಸ್ ಬಾಟಲಿಯಲ್ಲಿ ಏನಿದೆ ಎಂದು ತಿಳಿಯದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರು ಮನೆಗೆಲಸಕ್ಕೆ ಬರುವಾಕೆ. ಈ ಕೈಪಿಡಿ ಆಕೆಯ ಕೈಗೆ ಬರುವುದೇ ಇಲ್ಲ.

ಆದ್ದರಿಂದ ಕೊನೆಯ ಸೂಚನೆಗಳು ನಿಮಗೆ. ಪ್ರತಿ ಬಾಟಲಿಯ ಮೇಲೂ ಒಳಗಿರುವುದರ ಹೆಸರು ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಆಕೆಗೆ ಓದು ಬಾರದಿದ್ದರೆ ಬಾಯಲ್ಲಿ ಹೇಳಿ. ಬ್ಲೀಚಿಂಗ್ ಒಂದು ಕಡೆ, ಆಸಿಡ್ ಇನ್ನೊಂದು ಕಡೆ ಇಡಿ, ಏಕೆಂದು ವಿವರಿಸಿ. ಒಂದು ಜೊತೆ ಕೈಗವಸು ತಂದುಕೊಡಿ. ಬಚ್ಚಲು ತೊಳೆಯುವಾಗ ಬಾಗಿಲು ತೆರೆದಿರಲಿ.